ಮುತ್ತಜ್ಜನ ಹೆಸರು ತಾಲೂಕು ಕಚೇರಿಯಲ್ಲಿದೆ: ಮನೆತನದ ದಾಖಲೆ ಹುಡುಕುವ ದಾರಿ

ಅಜ್ಜನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಅಜ್ಜನ ಅಪ್ಪನ ಹೆಸರು ಕೇಳಿದರೆ ಸ್ವಲ್ಪ ಯೋಚಿಸಬೇಕು. ಅವರಪ್ಪ ಯಾರು ಅಂದರೆ, ಮನೆಯಲ್ಲಿ ಹಿರಿಯರು ಯಾರಾದರೂ ಇದ್ದಾರಾ ಅಂತ ನೋಡುತ್ತೇವೆ. ಅವರೂ ಇಲ್ಲದಿದ್ದರೆ ಅಲ್ಲಿಗೆ ದಾರಿ ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿದಿರುವುದಿಲ್ಲ. ಕರ್ನಾಟಕದ ಯಾವುದಾದರೂ ಹಳ್ಳಿಯಲ್ಲಿ ನಿಮ್ಮವರಿಗೆ ಒಂದು ತುಂಡು ಜಮೀನು ಇದ್ದಿದ್ದರೆ, ಅಥವಾ ಬೇರೆಯವರ ಜಮೀನನ್ನು ಗೇಣಿಗೆ ಮಾಡಿದ್ದರೂ ಸರಿ, ಮೂರು ನಾಲ್ಕು ತಲೆಮಾರಿನ ಹೆಸರುಗಳು ಸರ್ಕಾರಿ ಪುಸ್ತಕಗಳಲ್ಲಿ ಇರುವ ಸಾಧ್ಯತೆ ಜಾಸ್ತಿ.

ಅಮೆರಿಕದಲ್ಲಿರುವ ನೆಂಟರು, ಅಲ್ಲಿನವರು ಕೌಂಟಿ ಕಚೇರಿಯ ಪುಸ್ತಕ ಮತ್ತು ಹಳೇ ಜನಗಣತಿ ಹಾಳೆ ನೋಡಿ ವಂಶ ಹುಡುಕುತ್ತಾರೆ ಅಂತ ಹೇಳುವುದನ್ನು ಕೇಳಿರುತ್ತೀರಿ. ಅಲ್ಲಿ ಜನಗಣತಿಯ ಮನೆಮನೆಯ ವಿವರ 72 ವರ್ಷದ ನಂತರ ಎಲ್ಲರಿಗೂ ಸಿಗುತ್ತದೆ. ನಮ್ಮಲ್ಲಿ ಆ ದಾರಿ ಇಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ಒಬ್ಬೊಬ್ಬರ ವಿವರವನ್ನು ಹೊರಗೆ ಕೊಡುವ ಹಾಗಿಲ್ಲ. ನಮಗಿರುವ ದೊಡ್ಡ ಆಸರೆ ಕಂದಾಯ ದಾಖಲೆ. ಯಾವ ಜಮೀನಿಗೆ ಯಾರು ಕಂದಾಯ ಕಟ್ಟಬೇಕು ಅನ್ನುವುದು ಸರ್ಕಾರಕ್ಕೆ ತಿಳಿದಿರಬೇಕಿತ್ತು. ಹಾಗಾಗಿ ಜಮೀನಿನ ಯಜಮಾನ ಸತ್ತಾಗ, ಅಣ್ಣತಮ್ಮಂದಿರು ಪಾಲಾದಾಗ, ಮಾರಿದಾಗ, ಪ್ರತಿ ಸಲವೂ ಯಾರಾದರೊಬ್ಬರು ಕೂತು ಹೆಸರು ಬರೆದರು.

ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಹೆಸರನ್ನು ಹಿಡಿದು ಹುಡುಕಬೇಡಿ, ಸರ್ವೆ ನಂಬರ್ ಹಿಡಿದು ಹುಡುಕಿ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ. ಒಂದೇ ಊರಲ್ಲಿ ಏಳೆಂಟು ಸಿದ್ದೇಗೌಡರು, ಹತ್ತು ಬಸಪ್ಪಂದಿರು ಸಿಗುತ್ತಾರೆ. ಸರ್ವೆ ನಂಬರ್ ಹಾಗಲ್ಲ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಧಾರವಾಡ, ಬೆಳಗಾವಿ ಕಡೆ ಬಾಂಬೆ ಸರ್ಕಾರದ ಸರ್ವೆ ಅದಕ್ಕೂ ಮೊದಲೇ ನಡೆದಿತ್ತು. ಹಾಗೆ ಬಿದ್ದ ನಂಬರುಗಳಲ್ಲಿ ಬಹಳಷ್ಟು ಇವತ್ತಿಗೂ ಅವೇ. ಪಾಲಾದಾಗ 45 ಇದ್ದದ್ದು 45/1, 45/2 ಆಗುತ್ತದೆ, ಅಷ್ಟೇ. ನಂಬರ್ ಕೈಯಲ್ಲಿದ್ದರೆ ಹೆಸರುಗಳು ತಾವಾಗಿ ಬರುತ್ತವೆ.

ಕಚೇರಿಗೆ ಹೋಗುವ ಮುಂಚೆ

ಅಟ್ಟದ ಮೇಲಿನ ಟ್ರಂಕು, ದೇವರ ಮನೆಯ ಮಾಡು, ಬೀರುವಿನ ತಳ, ಎಲ್ಲ ತೆಗೆದು ನೋಡಿ. ಕಂದಾಯ ರಸೀದಿ, ಪಟ್ಟೆ ಪುಸ್ತಕ, ಸಾಗುವಳಿ ಚೀಟಿ, ಹಳೇ ಛಾಪಾ ಕಾಗದ, ಸೊಸೈಟಿ ಸಾಲದ ಚೀಟಿ, ಯಾವುದನ್ನೂ ಬಿಡಬೇಡಿ. ಲಗ್ನಪತ್ರಿಕೆ ಮತ್ತು ತಿಥಿ ಕಾರ್ಡುಗಳಲ್ಲಿ ಇಡೀ ಬಂಧುಬಳಗದ ಹೆಸರಿರುತ್ತದೆ. ಜಾತಕ ಸಿಕ್ಕರೆ ಹುಟ್ಟಿದ ದಿನವೇ ಸಿಕ್ಕ ಹಾಗೆ.

ಹಿರಿಯರನ್ನು ಕೇಳುವಾಗ "ಮುತ್ತಜ್ಜನ ಹೆಸರೇನು" ಅಂತ ಶುರುಮಾಡಿದರೆ "ಗೊತ್ತಿಲ್ಲ ಮಗಾ" ಅಂತ ಮಾತು ನಿಲ್ಲುತ್ತದೆ. ಜಮೀನಿನಿಂದ ಶುರುಮಾಡಿ. ಯಾವ ಹೊಲ ನಮ್ಮದಾಗಿತ್ತು? ಕೆರೆ ಹಿಂದಿನ ಗದ್ದೆ ಯಾರ ಪಾಲಿಗೆ ಹೋಯಿತು? ಪಾಲು ಮಾಡಿದಾಗ ಪಂಚಾಯ್ತಿಗೆ ಯಾರು ಕೂತಿದ್ದರು? ಯಾವ ದಾಯಾದಿ ಮನೆಯವರಿಗೆ ಸೂತಕ ಇದೆ? ಸೂತಕದ ಪ್ರಶ್ನೆ ಬಹಳ ಕೆಲಸಕ್ಕೆ ಬರುತ್ತದೆ. ಯಾರು ಸತ್ತರೆ ನಮ್ಮ ಮನೆಗೆ ಸೂತಕ ಅನ್ನುವುದು ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೆಸರು ಮರೆತುಹೋದ ಕೊಂಡಿಗಳು ಅಲ್ಲಿ ಉಳಿದಿರುತ್ತವೆ.

ಮನೆದೇವರು ಯಾವುದು, ಎಲ್ಲಿದೆ ಅನ್ನುವುದನ್ನೂ ಬರೆದುಕೊಳ್ಳಿ. ಮನೆದೇವರು ದೂರದ ಊರಿನಲ್ಲಿದ್ದರೆ, ಹಿರಿಯರು ಆ ಕಡೆಯಿಂದ ಬಂದವರೇ ಅಂತ ಒಮ್ಮೆ ವಿಚಾರಿಸಬೇಕು. ಎಲ್ಲ ಸಲ ನಿಜವಾಗುವುದಿಲ್ಲ, ಆದರೆ ಸುಳಿವು ಒಳ್ಳೆಯದು.

ಹಿರಿಯರು ವರ್ಷ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. "ಧಾತು ಈಶ್ವರದ ಬರದಲ್ಲಿ ಊರು ಬಿಟ್ಟು ಬಂದರಂತೆ" ಅಂದರೆ ಅದು 1876ರಿಂದ 1878ರ ಮಹಾ ಬರ. ಧಾತು ಮತ್ತು ಈಶ್ವರ ಎರಡೂ ಸಂವತ್ಸರದ ಹೆಸರು. ಹಳೇ ಪತ್ರಗಳಲ್ಲಿ ಬರೀ ಸಂವತ್ಸರ ಬರೆದಿದ್ದರೆ ಲೆಕ್ಕ ಸುಲಭ: 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಸರ್ವಜಿತ್ ಅಂದರೆ 1947-48, ಅದಕ್ಕೂ ಹಿಂದೆ 1887-88. ಯಾವ ಸುತ್ತಿನದು ಅನ್ನುವುದನ್ನು ಪತ್ರದಲ್ಲಿರುವ ಜನರ ವಯಸ್ಸಿನಿಂದ ಊಹಿಸಬೇಕು. ಕಲಬುರಗಿ, ರಾಯಚೂರು, ಬೀದರ್ ಕಡೆಯ ಕಾಗದಗಳಲ್ಲಿ ಮತ್ತು ಮದ್ರಾಸ್ ಸರ್ಕಾರದ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1357 ಅಂದರೆ 1947-48.

ಇನ್ನೊಂದು ಎಚ್ಚರ. ನೀವು ಹಳೇ ಪಹಣಿ, ಅಂದರೆ ಜಮೀನು ಯಾರದು ಅಂತ ತೋರಿಸುವ ಪತ್ರ, ಕೇಳುತ್ತಿದ್ದೀರಿ ಅಂತ ಊರಲ್ಲಿ ಗೊತ್ತಾದರೆ, ದಾಯಾದಿಗಳಿಗೆ ಮೊದಲು ಬರುವ ಯೋಚನೆ "ಪಾಲು ಕೇಳೋಕೆ ಬಂದ" ಅಂತ. ಹಾಗಾಗಿ ಮೊದಲೇ ಅವರ ಮನೆಗೆ ಹೋಗಿ, ಏನು ಮಾಡುತ್ತಿದ್ದೀರಿ, ಯಾಕೆ ಮಾಡುತ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ. ಅವರ ಹತ್ತಿರವೂ ಕಾಗದ ಇರುತ್ತದೆ, ಅಲ್ವಾ?

ನಿಮ್ಮ ಊರು ಯಾವ ಸರ್ಕಾರದ ಕೆಳಗಿತ್ತು?

1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡ ನಾಡು ಐದು ಆಡಳಿತಗಳಲ್ಲಿ ಹಂಚಿಹೋಗಿತ್ತು. ದಾಖಲೆಯ ಹೆಸರು, ಭಾಷೆ, ಲಿಪಿ, ಎಲ್ಲ ಅದರ ಮೇಲೆ ನಿಂತಿದೆ. ಹಳೇ ಮೈಸೂರಿನ ಹಳ್ಳಿ ಲೆಕ್ಕ ಕನ್ನಡದಲ್ಲಿ ಸಿಗುತ್ತದೆ. ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಬಾಂಬೆ ಕೆಳಗಿದ್ದವು. ಅಲ್ಲಿ ಮರಾಠಿ ಮತ್ತು ಮರಾಠಿ ಬರೆಯಲು ಬಳಸುತ್ತಿದ್ದ ಹಳೇ ಮೋಡಿ ಲಿಪಿ ಎದುರಾಗಬಹುದು. ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಕೆಳಗಿತ್ತು, ಹಾಗಾಗಿ ತೀರಾ ಹಳೆಯದು ಬೇಕಾದರೆ ಚೆನ್ನೈ ಕಡೆ ನೋಡಬೇಕು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನದು, ಕಡತಗಳು ಉರ್ದುವಿನಲ್ಲಿ. ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿನದು. ಬಳ್ಳಾರಿಯೂ 1953ರವರೆಗೆ ಮದ್ರಾಸಿನಲ್ಲೇ ಇತ್ತು. ಕೊಡಗು ತನ್ನದೇ ಆಡಳಿತದಲ್ಲಿತ್ತು. ಅಲ್ಲಿ ವಂಶದಿಂದ ಬಂದ ಜಮ್ಮಾ ಜಮೀನಿನ ದಾಖಲೆಯಲ್ಲಿ ಒಕ್ಕದ (ಮನೆತನದ) ಹೆಸರು ಮತ್ತು ಅದರ ಹಿರಿಯರಾದ ಪಟ್ಟೇದಾರರ ಹೆಸರು ನೋಡಬೇಕು.

ಮಾತೂ ಬೇರೆ ಬೇರೆ. ಮೈಸೂರಿನ ಕಡೆ ಪಹಣಿ ಅನ್ನುವುದಕ್ಕೆ ಹುಬ್ಬಳ್ಳಿ, ಬೆಳಗಾವಿ ಕಡೆ ಉತಾರ ಅನ್ನುತ್ತಾರೆ. ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಖಾತೆ ಆಗುವುದನ್ನು ನಾವು ಪೌತಿ ಖಾತೆ ಅನ್ನುತ್ತೇವೆ, ಅಲ್ಲಿ ಅದು ವಾರಸಾ. ವಿಭಾಗ, ಅಂದರೆ ಪಾಲಾಗುವುದು, ಅಲ್ಲಿ ವಾಟಣಿ. ಕಚೇರಿಯಲ್ಲಿ ಅಲ್ಲಿನ ಮಾತಲ್ಲೇ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಪಹಣಿಯಿಂದ ಹಿಂದಕ್ಕೆ

ಈಗಿನ ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ತೆಗೆಯಿರಿ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಬರುತ್ತದೆ. ಸರ್ವೆ ನಂಬರೇ ಗೊತ್ತಿಲ್ಲದಿದ್ದರೆ ಜಮೀನಿನಲ್ಲಿ ನಿಂತು ಫೋನಿನಲ್ಲಿ ದಿಶಾಂಕ್ ಆಪ್ ತೆರೆಯಿರಿ. ನೀವು ನಿಂತಿರುವ ಜಾಗದ ನಂಬರ್ ತೋರಿಸುತ್ತದೆ.

ಪಹಣಿಯಲ್ಲಿ 9ನೇ ಕಾಲಂ ಸ್ವಾಧೀನದಾರರ ಹೆಸರು. 10ನೇ ಕಾಲಂ ಅವರಿಗೆ ಜಮೀನು ಹೇಗೆ ಬಂತು ಅನ್ನುವುದು. 11ರಲ್ಲಿ ಸಾಲ ಮತ್ತು ಇತರೆ ಹಕ್ಕು. 12ರಲ್ಲಿ ಸಾಗುವಳಿ ಮಾಡುವವರು. ಹೆಚ್ಚಿನವರು 9ನ್ನು ಓದಿ ಮುಚ್ಚಿಡುತ್ತಾರೆ. ವಂಶ ಹುಡುಕುವವರಿಗೆ ಬೇಕಾದದ್ದು 10. ಅಲ್ಲಿ "ಎಂ.ಆರ್. 14/1986-87" ಅಂತ ಒಂದು ನಂಬರ್ ಇರುತ್ತದೆ. ಅದು ಹಕ್ಕು ಬದಲಾವಣೆ ರಿಜಿಸ್ಟರಿನ ನಂಬರ್. ಮ್ಯುಟೇಷನ್ ಅನ್ನುವುದು ಅದನ್ನೇ.

ಭೂಮಿ ಗಣಕೀಕರಣ 2000ದ ಆಸುಪಾಸಿನದು. ಅದಕ್ಕೂ ಹಿಂದಿನದು ಕೈಬರಹದ ಪಹಣಿ. ಅದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ, ಅಭಿಲೇಖಾಲಯ ಅಂತ ಬೋರ್ಡ್ ಇರಬಹುದು. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲೂಕಿನದು ಆಗಿದೆಯಾ ಅಂತ ಮೊದಲೇ ಕೇಳಿ, ಆಗಿದ್ದರೆ ಧೂಳಿನ ಕಟ್ಟು ಬಿಚ್ಚುವ ಕೆಲಸ ತಪ್ಪುತ್ತದೆ.

ಈಗ ಕ್ರಮ ಹೀಗೆ. ಈಗಿನ ಪಹಣಿಯ 10ನೇ ಕಾಲಂನಿಂದ ಎಂ.ಆರ್. ನಂಬರ್ ಹಿಡಿಯಿರಿ. ಆ ಎಂ.ಆರ್. ನಕಲು ತೆಗೆಸಿ. ಅದರಲ್ಲಿ ಹಿಂದಿನ ಖಾತೆದಾರರ ಹೆಸರಿರುತ್ತದೆ. ಆ ವರ್ಷಕ್ಕೂ ಹಿಂದಿನ ಪಹಣಿ ತೆಗೆಸಿ. ಅಲ್ಲಿ ಮತ್ತೊಂದು ಎಂ.ಆರ್. ನಂಬರ್. ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಇಳಿಯಿರಿ. ಮೆಟ್ಟಿಲು ಹಾರಬೇಡಿ. ನಡುವೆ ಒಂದು ಕ್ರಯ ನಡೆದು ಜಮೀನು ಬೇರೆ ಮನೆತನಕ್ಕೆ ಹೋಗಿ, ಮತ್ತೆ ವಾಪಸ್ ಬಂದಿರಬಹುದು. ಹಾರಿದರೆ ಬೇರೆ ಯಾರದೋ ಮುತ್ತಜ್ಜನನ್ನು ನಿಮ್ಮ ಮುತ್ತಜ್ಜ ಅಂತ ಬರೆದುಕೊಳ್ಳುತ್ತೀರಿ.

ಎಂ.ಆರ್.ಗಳಲ್ಲಿ ಪೌತಿ ಮತ್ತು ವಿಭಾಗ ನಮಗೆ ಚಿನ್ನ. ಒಂದು ಪೌತಿ ನಮೂದು ಹೇಗೆ ಓದಬೇಕು ಅಂತ ನೋಡೋಣ. ಇಲ್ಲಿನ ಹೆಸರುಗಳು ಸುಮ್ನೆ ಉದಾಹರಣೆಗೆ. 1938-39ರ ಪುಸ್ತಕದಲ್ಲಿ ಹೀಗಿದೆ ಅಂದುಕೊಳ್ಳಿ: "ಕರಿಗೌಡ ಬಿನ್ ಲೇಟ್ ಸಿದ್ದೇಗೌಡ ಮೃತನಾಗಿರುವುದರಿಂದ, ಮಕ್ಕಳಾದ ಸಿದ್ದೇಗೌಡ, ಚಿಕ್ಕಣ್ಣ, ಮೈನರ್ ನಿಂಗೇಗೌಡ, ಇವನ ಪೋಷಕಿ ತಾಯಿ ದೇವಮ್ಮ ಕೋಂ ಲೇಟ್ ಕರಿಗೌಡ, ಇವರ ಹೆಸರಿಗೆ." ಒಂದೇ ವಾಕ್ಯ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಮೂರು ತಲೆಮಾರು ಸಿಕ್ಕಿತು. ಹಿರಿಮಗನಿಗೆ ತಾತನ ಹೆಸರು, ಹಾಗಾಗಿ ಮುಂದೆ "ಸಿದ್ದೇಗೌಡ" ಅಂತ ಬಂದಾಗಲೆಲ್ಲ ತಾತನೋ ಮೊಮ್ಮಗನೋ ಅಂತ ವರ್ಷ ನೋಡಬೇಕು. ಕಿರಿಮಗ ಮೈನರ್, ಅಂದರೆ 1920ಕ್ಕಿಂತ ಹಿಂದೆ ಹುಟ್ಟಿರಲಾರ. ತಾಯಿ ಆಗ ಬದುಕಿದ್ದಳು, ಅವಳ ಹೆಸರು ದೇವಮ್ಮ. ಅವಳು ಕಿರಿಯವನಿಗೆ ಮಾತ್ರ ತಾಯಿ ಅಂತ ಬರೆದಿದ್ದರೆ, ಹಿರಿಯ ಇಬ್ಬರು ಮೊದಲ ಹೆಂಡತಿಯ ಮಕ್ಕಳಾ ಅಂತ ಮನೆಯಲ್ಲಿ ಕೇಳಬೇಕು. ಉತ್ತರ ಕರ್ನಾಟಕದ ಉತಾರಗಳಲ್ಲಿ ಇಂಥ ಕಡೆ "ಅ.ಪಾ.ಕ." ಅಂತ ಇರುತ್ತದೆ. ಅದು ಅಜ್ಞಾನ ಪಾಲನಕರ್ತ, ಅಂದರೆ ಮೈನರ್ ಮಗುವಿನ ಪರವಾಗಿ ನಿಂತವರು.

ವಿಭಾಗದ ನಮೂದಿನಲ್ಲಿ ಪಾಲನ್ನು ಆಣೆಯಲ್ಲಿ ಬರೆಯುತ್ತಿದ್ದರು. ಇಡೀ ಆಸ್ತಿ 16 ಆಣೆ. ನಾಲ್ಕಾಣೆ ಪಾಲು ಅಂದರೆ ಕಾಲು ಭಾಗ, ಪಾಲುದಾರರು ಬಹುಶಃ ನಾಲ್ಕು ಜನ. "5 ಆಣೆ 4 ಪೈ" ಅಂತ ಕಂಡರೆ ಗಾಬರಿಯಾಗಬೇಡಿ. ಆಣೆಗೆ 12 ಪೈ, 16 ಆಣೆಗೆ 192 ಪೈ, ಅದರ ಮೂರನೇ ಒಂದು 64 ಪೈ, ಅದೇ 5 ಆಣೆ 4 ಪೈ. ಅಂದರೆ ಮೂವರು ಅಣ್ಣತಮ್ಮಂದಿರು. ನಿಮಗೆ ಎರಡೇ ಹೆಸರು ಗೊತ್ತಿದ್ದರೆ, ಮೂರನೆಯವನ ಮನೆ ಎಲ್ಲೋ ಇದೆ. ಹುಡುಕಿ. ಒಂದು ತಲೆಮಾರು ಹಿಂದೆ ಬೇರೆ ಊರಿಗೆ ಹೋಗಿ ಸಂಪರ್ಕ ತಪ್ಪಿದವರು ಹೀಗೇ ಸಿಗುವುದು. ಹಳೇ ಪುಸ್ತಕ ಓದುವ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಇನ್ನೂ ಹಿಂದೆ ಹೋಗಬೇಕಾದರೆ ಹಳೇ ಮೈಸೂರಿನಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಅಂತ ಎರಡು ಪುಸ್ತಕ ಕೇಳಿ. ಕಚೇರಿಯಲ್ಲಿ ಐ.ಎಲ್., ಆರ್.ಆರ್. ಅಂದರೆ ಸಾಕು. ಐ.ಎಲ್.ನಲ್ಲಿ ಸರ್ವೆ ನಂಬರ್ ನೋಡಿ, ಅದರ ಮುಂದಿರುವ ಆರ್.ಆರ್. ನಂಬರ್ ಹಿಡಿದು ಎರಡನೇ ಪುಸ್ತಕ ತೆಗೆಯಬೇಕು. ಕಲ್ಯಾಣ ಕರ್ನಾಟಕದಲ್ಲಿ 1954-55ರ ಖಾಸ್ರಾ ಪಹಣಿ ಕೇಳಿ. ಸರ್ವೆ ಕಚೇರಿಯಲ್ಲಿ ಮೂಲ ಟಿಪ್ಪಣಿ (ಮೊದಲ ಅಳತೆಯ ಬರಹ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಹಿಸ್ಸಾ ಸರ್ವೆ ಪುಸ್ತಕ ಇರುತ್ತವೆ. ಜಮೀನನ್ನು ತುಂಡು ಮಾಡಿ ಅಳೆದಾಗ ಯಾವ ತುಂಡು ಯಾರದು ಅಂತ ಹಿಸ್ಸಾ ಪುಸ್ತಕದಲ್ಲಿ ಬರೆದಿರುತ್ತಾರೆ.

ಸಬ್ ರಿಜಿಸ್ಟ್ರಾರ್ ಕಚೇರಿ

ನೋಂದಣಿ ಆದ ಪಾಲುಪಟ್ಟಿ ಒಂದು ಸಿಕ್ಕರೆ ಹತ್ತು ಪಹಣಿಗೆ ಸಮ. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಂತೂ ಇದು ತುಂಬಾ ಮುಖ್ಯ. ಅಲ್ಲಿ ವಂಶ ತಾಯಿಯ ಕಡೆಯಿಂದ ಎಣಿಸುವುದರಿಂದ, ಯಜಮಾನನ ಹೆಸರಿನ ನಂತರ ಅವನ ಮಗನನ್ನು ಹುಡುಕಿದರೆ ದಾರಿ ತಪ್ಪುತ್ತದೆ. ತಂಗಿಯ ಮಕ್ಕಳನ್ನು ನೋಡಬೇಕು. ಕುಟುಂಬ ಕವರುಗಳಾಗಿ, ಅಂದರೆ ತಾಯಿ ಕಡೆಯ ಕವಲುಗಳಾಗಿ, ಪಾಲಾದಾಗ ಮಾಡಿದ ಪತ್ರದಲ್ಲಿ ಹೆಂಗಸರು, ಮಕ್ಕಳು, ಎಳೆಗೂಸುಗಳ ಹೆಸರೂ ವಯಸ್ಸೂ ಇರುತ್ತವೆ.

2004ರಿಂದ ಈಚಿನ ಋಣಭಾರ ಪತ್ರ, ಅಂದರೆ ಇ.ಸಿ., ಕಾವೇರಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಹೋಗಬೇಕು. ಅಲ್ಲಿ ಒಂದನೇ ಪುಸ್ತಕದಲ್ಲಿ ಸ್ಥಿರಾಸ್ತಿಯ ಪತ್ರಗಳು ಇರುತ್ತವೆ. ಅದಕ್ಕೆ ಎರಡು ಸೂಚಿ: ಒಂದು ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. 1908ರ ನೋಂದಣಿ ಕಾಯ್ದೆ ಪ್ರಕಾರ ಶುಲ್ಕ ಕಟ್ಟಿದ ಯಾರೇ ಆದರೂ ಒಂದನೇ ಪುಸ್ತಕವನ್ನು ನೋಡಬಹುದು, ನಕಲು ಪಡೆಯಬಹುದು. ಉಯಿಲುಗಳ ಮೂರನೇ ಪುಸ್ತಕಕ್ಕೆ ಕಟ್ಟುಪಾಡು ಇದೆ. ಬರೆದವರು ತೀರಿಹೋದ ನಂತರ ಮಾತ್ರ ಬೇರೆಯವರಿಗೆ ನಕಲು ಸಿಗುತ್ತದೆ, ಅದಕ್ಕೆ ಮರಣ ಪ್ರಮಾಣಪತ್ರ ತೆಗೆದುಕೊಂಡು ಹೋಗಿ.

ಫಾರಂ 7, ಇನಾಮು, ದರಖಾಸ್ತು

ನಮ್ಮವರಿಗೆ ಸ್ವಂತ ಜಮೀನೇ ಇರಲಿಲ್ಲ, ಒಕ್ಕಲಾಗಿದ್ದರು ಅನ್ನುವವರು ಬಹಳ ಜನ. ಅವರಿಗೆ ಭೂ ನ್ಯಾಯಮಂಡಳಿಯ ಫೈಲು ಇದೆ. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುತ್ತಿದ್ದ ಜಮೀನು ತಮ್ಮ ಹೆಸರಿಗಾಗಲಿ ಅಂತ ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿದರು. ಕೊನೆಯ ದಿನ 1979ರ ಜೂನ್ 30. ಕರಾವಳಿಯಲ್ಲಿ "ಡಿಕ್ಲರೇಷನ್ ಕೊಟ್ಟದ್ದು" ಅಂತ ಹಿರಿಯರು ಹೇಳುವುದು ಇದನ್ನೇ. ಆ ಫೈಲಿನಲ್ಲಿ ಅರ್ಜಿದಾರರ ಹೇಳಿಕೆ ಇರುತ್ತದೆ. ಎಷ್ಟು ಕಾಲದಿಂದ ಉಳುತ್ತಿದ್ದೇವೆ, ತಂದೆ ಯಾರು, ಅವರಿಗಿಂತ ಮುಂಚೆ ಯಾರು, ಗೇಣಿ ಎಷ್ಟು ಮುಡಿ ಅಕ್ಕಿ ಕೊಡುತ್ತಿದ್ದೆವು ಅಂತ ನಿಮ್ಮ ಅಜ್ಜ ಬಾಯಲ್ಲಿ ಹೇಳಿದ್ದನ್ನು ಯಾರೋ ಬರೆದುಕೊಂಡಿದ್ದಾರೆ. ಕೆಳಗೆ ಅಜ್ಜನ ಸಹಿ ಅಥವಾ ಹೆಬ್ಬೆಟ್ಟು. ಬೇರೆ ಯಾವ ದಾಖಲೆಯಲ್ಲೂ ಅವರ ಮಾತು ಹೀಗೆ ಸಿಗುವುದಿಲ್ಲ. ಪಹಣಿಯಲ್ಲೋ ಎಂ.ಆರ್.ನಲ್ಲೋ ನ್ಯಾಯಮಂಡಳಿಯ ಆದೇಶದ ನಂಬರ್ ಇರುತ್ತದೆ. ಅದನ್ನು ಕೊಟ್ಟು ಬರೀ ಆದೇಶ ಅಲ್ಲ, ಪೂರ್ತಿ ಕಡತದ ನಕಲು ಕೇಳಿ.

ಶಾನುಭೋಗ, ಪಟೇಲ, ತೋಟಿ, ತಳವಾರ, ನೀರಗಂಟಿ ಮನೆತನದವರಾದರೆ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ಕಡತ ನೋಡಿ. ಕಾಯ್ದೆ 1961ರದು, ಜಾರಿಯಾದದ್ದು 1963ರಲ್ಲಿ. ಹುದ್ದೆಯ ಜೊತೆಗಿದ್ದ ಜಮೀನನ್ನು ಅದೇ ಮನೆತನಕ್ಕೆ ಮರುಮಂಜೂರು ಮಾಡುವಾಗ, ಯಾರು ವಾರಸುದಾರರು ಅಂತ ತೋರಿಸಬೇಕಿತ್ತು. ಹಾಗಾಗಿ ವಂಶವೃಕ್ಷ ಕಡತದೊಳಗೇ ಸಿಗುತ್ತದೆ. ಬಾಂಬೆ ಕರ್ನಾಟಕದ ಗೌಡಕಿ, ಕುಲಕರ್ಣಿ ವತನಗಳಿಗೆ (ವಂಶಪಾರಂಪರ್ಯದ ಹುದ್ದೆ ಮತ್ತು ಅದರ ಜಮೀನಿಗೆ) 1874ರ ವತನ ಕಾಯ್ದೆಯ ಕಾಲದಿಂದಲೇ ಪುಸ್ತಕಗಳಿವೆ. ದೇವಸ್ಥಾನದ ಪೂಜೆ, ವಾದ್ಯ, ದೀವಟಿಗೆ ಸೇವೆಗೆ ಇನಾಮು ಪಡೆದ ಮನೆತನದವರು ಇನಾಮು ರದ್ದತಿಯ ಕಡತ ಕೇಳಬೇಕು.

ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಜಮೀನು ಮಂಜೂರು ಮಾಡಿದ್ದರೆ ದರಖಾಸ್ತು ಕಡತ (ಜಮೀನು ಕೇಳಿ ಹಾಕಿದ ಅರ್ಜಿಯದು), ಮಂಜೂರಾತಿ ರಿಜಿಸ್ಟರ್, ಸಾಗುವಳಿ ಚೀಟಿ ಇರುತ್ತವೆ. ಮಂಜೂರಾದ ಜಮೀನು ಕೈತಪ್ಪಿದ್ದರೆ 1978ರ ಕಾಯ್ದೆ, ಜನ ಪಿ.ಟಿ.ಸಿ.ಎಲ್. ಅನ್ನುವುದು, ಅದರಡಿ ಉಪವಿಭಾಗಾಧಿಕಾರಿ ಕೋರ್ಟಿನಲ್ಲಿ ನಡೆದ ಕೇಸಿನಲ್ಲೂ ವಾರಸುದಾರರ ಪಟ್ಟಿ ಸಿಗುತ್ತದೆ. ಅಣೆಕಟ್ಟೆಯಲ್ಲಿ ಊರು ಮುಳುಗಿದವರು, ಲಿಂಗನಮಕ್ಕಿಯೋ ಆಲಮಟ್ಟಿಯೋ, ಭೂಸ್ವಾಧೀನದ ಪರಿಹಾರ ಪಟ್ಟಿ ಹುಡುಕಬೇಕು. ಊರು ಇಲ್ಲದಿದ್ದರೂ ಮನೆಮನೆಯ ಹೆಸರು ಅಲ್ಲಿದೆ.

ಪಾಲಿನ ದಾವೆ ನಡೆದಿದ್ದರೆ ಕೋರ್ಟಿನ ಕಡತವನ್ನೂ ಬಿಡಬೇಡಿ. ದಾವೆಯ ಮೊದಲ ಪುಟಗಳಲ್ಲೇ ವಂಶವೃಕ್ಷ ಬರೆದಿರುತ್ತಾರೆ. ಹೈಕೋರ್ಟಿನವರೆಗೆ ಹೋಗಿದ್ದರೆ ತೀರ್ಪು ಇಂಟರ್ನೆಟ್ಟಿನಲ್ಲೇ ಇರಬಹುದು. ಊರಿನ ಹೆಸರು ಮತ್ತು ಸರ್ವೆ ನಂಬರ್ ಹಾಕಿ ಹುಡುಕಿ.

ಜಮೀನಿಲ್ಲದಿದ್ದರೆ

ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಊರು, ಸೇರಿದ ದಿನ, ಬಿಟ್ಟ ದಿನ ಎಲ್ಲ ಅದರಲ್ಲಿದೆ. ನೂರು ವರ್ಷ ದಾಟಿದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ನಂಬಬೇಡಿ, ಶಾಲೆಗೆ ಸೇರಿಸಲು ಮೇಷ್ಟ್ರು ಹಾಕಿದ ದಿನ ಅದು.

ಜನನ ಮರಣ ನೋಂದಣಿ ಕಾಯ್ದೆ 1969ರದು. ಅದಕ್ಕೂ ಮುಂಚೆ ಪಟೇಲರು, ಶಾನುಭೋಗರು ಬರೆದ ಪುಸ್ತಕಗಳು ಉಳಿದಿದ್ದರೆ ತಾಲೂಕು ಕಚೇರಿಯಲ್ಲಿ ಇರುತ್ತವೆ. ಹುಟ್ಟಿನ ನಮೂದಿನಲ್ಲಿ ಮಗುವಿನ ಹೆಸರು ಎಷ್ಟೋ ಸಲ ಖಾಲಿ. "ಗಂಡು, ತಂದೆ ಇಂಥವರು" ಅಂತಷ್ಟೇ ಇರುತ್ತದೆ. ಹಾಗಾಗಿ ತಂದೆಯ ಹೆಸರಿನಲ್ಲಿ ಹುಡುಕಿ. ಕ್ರೈಸ್ತರಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳು ದೊಡ್ಡ ಆಸ್ತಿ. ಮಂಗಳೂರಿನ ಕಡೆಯ ಕೆಥೊಲಿಕರಿಗೆ 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನು ಸೆರೆ ಒಯ್ದದ್ದಕ್ಕೂ ಹಿಂದಿನದು ಸಿಗುವುದು ಕಷ್ಟ.

ಪಟ್ಟಣದ ಮನೆಯಾದರೆ ಪುರಸಭೆಯ ಖಾತೆ ಪುಸ್ತಕ, ಹಳ್ಳಿಯ ಮನೆಯಾದರೆ ಪಂಚಾಯ್ತಿಯ ಡಿಮ್ಯಾಂಡ್ ರಿಜಿಸ್ಟರ್. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಂಥ ಕಡೆ ಸಿಟಿ ಸರ್ವೆ ಕಚೇರಿಯ ಉತಾರದಲ್ಲಿ ಮನೆಯ ವಾರಸಾ ಸಾಲಾಗಿ ಬರೆದಿರುತ್ತದೆ.

ಹೆಣ್ಣುಮಕ್ಕಳ ಹೆಸರು

ಇಷ್ಟೆಲ್ಲ ಪುಸ್ತಕ ತಿರುವಿದರೂ ಅಜ್ಜಿಯ ಹೆಸರು ಸಿಗದೇ ಇರಬಹುದು. ಇದು ನನಗೆ ತುಂಬಾ ನೋವಿನ ವಿಷಯ. ಗಂಡುಮಕ್ಕಳ ಹೆಸರು ಇಳಿಜಾರಿನಲ್ಲಿ ನೀರು ಹರಿದ ಹಾಗೆ ಬರುತ್ತದೆ, ಹೆಣ್ಣುಮಕ್ಕಳನ್ನು ಹುಡುಕಿ ಹುಡುಕಿ ತೆಗೆಯಬೇಕು. ಹಾಗಂತ ಬಿಡಬೇಡಿ. "ಕೋಂ" ಅಂತ ಬಂದ ಪ್ರತಿ ಹೆಸರನ್ನೂ ಬರೆದುಕೊಳ್ಳಿ. ಮೈನರ್ ಮಕ್ಕಳ ಪೋಷಕಿ, ಮಕ್ಕಳಿಲ್ಲದೆ ಗಂಡ ಸತ್ತವಳ ಜೀವನಾಂಶದ ಜಮೀನು, ಅರಿಶಿನ ಕುಂಕುಮಕ್ಕೆ ಅಂತ ಮಗಳಿಗೆ ಬರೆದ ದಾನಪತ್ರ, ಇಂಥ ಕಡೆ ಅವರು ಸಿಗುತ್ತಾರೆ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಬಂತು. ಅದರ ನಂತರದ ಹಕ್ಕು ಬಿಡುಗಡೆ ಪತ್ರಗಳಲ್ಲಿ ಮದುವೆಯಾಗಿ ಹೋದ ಅತ್ತೆಯಂದಿರು, ಅವರ ಗಂಡಂದಿರು, ಸೇರಿದ ಊರು ಎಲ್ಲ ಇದೆ. ತಾಯಿಯ ತವರಿನ ಊರಿನಲ್ಲೂ ಇದೇ ಕೆಲಸವನ್ನು ಮೊದಲಿನಿಂದ ಮಾಡಿ. ಅವರ ತಾಯಿಯ ತವರಿನಲ್ಲೂ.

ಅರ್ಜಿ ಹಾಕುವುದು

ನಕಲು ಬೇಕು ಅಂತ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆಯಿರಿ. ಗ್ರಾಮ, ಹೋಬಳಿ, ಸರ್ವೆ ನಂಬರ್, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪುಸ್ತಕ, ಇಷ್ಟು ಸ್ಪಷ್ಟವಾಗಿ ಇರಲಿ. "ನಮ್ಮ ವಂಶದ ಎಲ್ಲ ದಾಖಲೆ ಕೊಡಿ" ಅಂದರೆ ಯಾರಿಗೂ ಕೊಡಲಾಗುವುದಿಲ್ಲ. ರೆಕಾರ್ಡ್ ರೂಮಿನ ಸಿಬ್ಬಂದಿಗೆ ಯಾವ ಕಟ್ಟು ಎಲ್ಲಿದೆ ಅನ್ನುವುದು ಗೊತ್ತು, ಅವರ ಹತ್ತಿರ ಕೂತು ವಿಷಯ ವಿವರಿಸಿ ಹೇಳಿ. ದೃಢೀಕೃತ ನಕಲನ್ನೇ ಕೇಳಿ.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರಿನಲ್ಲೂ ಕಳಿಸಬಹುದು. ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಸರ್ವೆ ನಂಬರಿಗೊಂದು ಅರ್ಜಿ ಹಾಕಿ.

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಪ್ರಮಾಣಪತ್ರವನ್ನು ಇತಿಹಾಸಕ್ಕೆ ಆಧಾರ ಮಾಡಿಕೊಳ್ಳಬೇಡಿ. ಅದು ನೀವು ಹೇಳಿದ್ದನ್ನು ವಿಚಾರಣೆ ಮಾಡಿ ಕೊಡುವ ಪತ್ರ. ಖಾತೆ ಬದಲಾವಣೆಗೆ ಬೇಕು, ಹಳೇ ಹೆಸರು ಹುಡುಕಲು ಅದರಿಂದ ಹೊಸದೇನೂ ಸಿಗುವುದಿಲ್ಲ.

ಹೆಳವರು ಬಂದರೆ

ಕೆಲವು ವರ್ಷಕ್ಕೊಮ್ಮೆ ಎತ್ತಿನ ಜೊತೆ ಊರಿಗೆ ಬಂದು ಮನೆಯ ಮುಂದೆ ನಿಂತು ವಂಶಾವಳಿ ಹೇಳುವ ಹೆಳವರನ್ನು ನೀವು ನೋಡಿರಬಹುದು. ಯಾವ ಮನೆತನಕ್ಕೆ ಯಾವ ಹೆಳವರು ಅನ್ನುವುದು ಅವರಲ್ಲಿ ಗೊತ್ತಾಗಿರುತ್ತದೆ. ಅವರ ಪುಸ್ತಕದಲ್ಲಿ ಮೂಲ ಊರು, ಬೆಡಗು (ಕುಲದೊಳಗಿನ ಬಳಿ), ಯಾರು ಎಲ್ಲಿಗೆ ಹೋಗಿ ನೆಲೆಸಿದರು ಅನ್ನುವುದೆಲ್ಲ ಇರುತ್ತದೆ. ಅವರನ್ನು ಕೂರಿಸಿ, ಊಟ ಹಾಕಿ, ಕೊಡಬೇಕಾದ ಕಾಣಿಕೆ ಕೊಟ್ಟು ಕೇಳಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ನಿಮ್ಮ ಮನೆಯ ಹೆಸರನ್ನೂ ಹೊಸ ಮಕ್ಕಳ ಹೆಸರನ್ನೂ, ಹೆಣ್ಣುಮಕ್ಕಳದ್ದೂ ಸೇರಿಸಿ, ಅವರ ಪುಸ್ತಕಕ್ಕೆ ಬರೆಸಿ. ಆಮೇಲೆ ಹತ್ತಿರದ ಮೂರು ತಲೆಮಾರನ್ನು ಪಹಣಿಯ ಜೊತೆ ತಾಳೆ ನೋಡಿ. ಅಲ್ಲಿ ಸರಿ ಇದ್ದರೆ, ಪಹಣಿ ಮುಟ್ಟದ ಹಿಂದಿನ ಹೆಸರುಗಳನ್ನೂ ಗೌರವದಿಂದ ಬರೆದುಕೊಳ್ಳಬಹುದು, "ಹೆಳವರ ಹೇಳಿಕೆ" ಅಂತ ಪಕ್ಕದಲ್ಲಿ ಗುರುತು ಹಾಕಿ.

ತಾಲೂಕು ದಾಟಿದ ಮೇಲೆ

ತಾಲೂಕಿನ ಪುಸ್ತಕ ಮುಗಿದರೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಸಂಸ್ಥಾನದ ಕಡತಗಳು ಅಲ್ಲಿವೆ. ಸಂಸ್ಥಾನದ ನೌಕರಿಯಲ್ಲಿ ಮೇಷ್ಟ್ರೋ ಗುಮಾಸ್ತರೋ ಆಗಿದ್ದವರನ್ನು ಮೈಸೂರು ಗೆಜೆಟ್ಟಿನಲ್ಲೂ ಹುಡುಕಬಹುದು, ನೇಮಕ, ವರ್ಗ, ರಜೆ ಎಲ್ಲ ಅದರಲ್ಲಿ ಅಚ್ಚಾಗುತ್ತಿತ್ತು. ದಕ್ಷಿಣ ಕನ್ನಡ, ಬಳ್ಳಾರಿಯವರಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಕಲ್ಯಾಣ ಕರ್ನಾಟಕದವರಿಗೆ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರ, ಬೆಳಗಾವಿ ಧಾರವಾಡದವರಿಗೆ ಮುಂಬೈ ಮತ್ತು ಪುಣೆ. ಪೇಶ್ವೆಗಳ ಕಾಲದ ದಫ್ತರ ಪುಣೆಯಲ್ಲಿದೆ, ಮೋಡಿ ಲಿಪಿಯಲ್ಲಿ. ಮೋಡಿ ಓದುವವರು ಬೆಳಗಾವಿ, ಕೊಲ್ಲಾಪುರದ ಕಡೆ ಇನ್ನೂ ಇದ್ದಾರೆ. ಓದಿಸುವಾಗ ಬರೀ ಸಾರಾಂಶ ಸಾಲದು, ಸಾಲು ಸಾಲಾಗಿ ಬರೆಸಿಕೊಳ್ಳಿ. ಹೊರಡುವ ಮುಂಚೆ ಊರಿನ ಹಳೇ ಹೆಸರು, ಆಗಿನ ತಾಲೂಕು, ಹೋಬಳಿ, ಬೇಕಾದ ವರ್ಷ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಗುರುತಿನ ಚೀಟಿ ಜೊತೆಗಿರಲಿ, ಯಾಕೆ ನೋಡಬೇಕು ಅಂತ ಒಂದು ಅರ್ಜಿ ಸಿದ್ಧವಿರಲಿ. ಕಡತ ಕೇಳಿದ ದಿನವೇ ಕೈಗೆ ಬರುತ್ತದೆ ಅಂತ ಹೇಳಲಾಗದು, ದೂರದ ಊರಾದರೆ ಉಳಿದುಕೊಳ್ಳುವ ವ್ಯವಸ್ಥೆ ಮಾಡಿಕೊಂಡೇ ಹೋಗಿ.